ಹೆಸರನ್ನು ಬಯಸದ ಸೇವಕ

ಕಲ್ಕತ್ತೆಯ ಉತ್ತರಕ್ಕೆ, ಹೂಗ್ಲಿ ನದಿಯ ದಡದಲ್ಲಿ ಶ್ರೀರಾಮಪುರವೆಂಬ ಪಟ್ಟಣವಿದೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಭಾರತದ ಅನೇಕ ಭಾಷೆಗಳ ಗ್ರಂಥಗಳು ಈ ಪುಟ್ಟ ಪಟ್ಟಣದ ಮುದ್ರಣಾಲಯದಿಂದ ಹೊರಬಂದವು. ಆ ಕಾರ್ಯಕ್ಕೆ ಜೀವಾಳವಾಗಿದ್ದವರು ವಿಲಿಯಂ ಕೇರಿ. ದೊಡ್ಡ ಕೆಲಸಗಳನ್ನು ಮಾಡಿದವರು ಲೋಕದಲ್ಲಿ ಅನೇಕರಿದ್ದಾರೆ. ಆದರೆ ಆ ಕೆಲಸ ತನ್ನದಲ್ಲ, ತನ್ನ ಕೈಯಿಂದ ದೇವರು ಮಾಡಿಸಿದ್ದು ಎಂದು ನಂಬಿ, ಆ ನಂಬಿಕೆಯಂತೆಯೇ ಕಡೆಯವರೆಗೆ ಬಾಳಿದವರು ವಿರಳ. ಕೇರಿಯವರು ಅಂತಹ ವಿರಳರಲ್ಲಿ ಒಬ್ಬರು.

ಇಂಗ್ಲೆಂಡಿನ ನಾರ್ಥಾಂಪ್ಟನ್ ಪ್ರಾಂತದ ಒಂದು ಹಳ್ಳಿಯಲ್ಲಿ 1761ರ ಆಗಸ್ಟ್ 17ರಂದು ವಿಲಿಯಂ ಜನಿಸಿದನು. ತಂದೆ ನೇಕಾರನಾಗಿದ್ದು, ಅನಂತರ ಹಳ್ಳಿಯ ಶಾಲೆಯ ಉಪಾಧ್ಯಾಯನಾದವನು. ಮನೆಯಲ್ಲಿ ಬಡತನವಿದ್ದುದರಿಂದ ಹುಡುಗನು ಎಳೆಯ ವಯಸ್ಸಿನಲ್ಲಿಯೇ ಪಾದರಕ್ಷೆ ತಯಾರಿಸುವವನೊಬ್ಬನ ಬಳಿ ಕೆಲಸ ಕಲಿಯಲು ಸೇರಿದನು. ಅಲ್ಲಿ ಕೈಗಳು ಚರ್ಮವನ್ನು ಹೊಲಿಯುತ್ತಿದ್ದರೆ ಕಣ್ಣುಗಳು ಪುಸ್ತಕದ ಮೇಲಿರುತ್ತಿದ್ದವು. ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಅವನು ಬಹುಮಟ್ಟಿಗೆ ಸ್ವಪ್ರಯತ್ನದಿಂದಲೇ ಕಲಿತನು. ಮುಂದೆ ಬ್ಯಾಪ್ಟಿಸ್ಟ್ ಪಂಥದ ಬೋಧಕನಾಗಿ, ಶಾಲೆಯ ಉಪಾಧ್ಯಾಯನಾಗಿ, ಅವುಗಳಿಂದ ಸಂಸಾರ ಸಾಗದಿದ್ದಾಗ ಮತ್ತೆ ಜೋಡುಗಳನ್ನು ಹೊಲಿಯುತ್ತ ಕಾಲ ಕಳೆದನು.

ದೂರದೇಶಗಳಲ್ಲಿ ದೇವರ ಸೇವೆ ಮಾಡಬೇಕೆಂಬ ಹಂಬಲದಿಂದ ಕೇರಿಯವರು 1793ರಲ್ಲಿ ಹೆಂಡತಿ ಮಕ್ಕಳೊಡನೆ ಬಂಗಾಳಕ್ಕೆ ಬಂದರು. ಈಸ್ಟ್ ಇಂಡಿಯಾ ಕಂಪನಿಗೆ ಪಾದ್ರಿಗಳ ಆಗಮನ ಇಷ್ಟವಿರಲಿಲ್ಲ. ಕೈಯಲ್ಲಿ ಹಣವೂ ಉಳಿಯಲಿಲ್ಲ. ಹೊಟ್ಟೆಪಾಡಿಗಾಗಿ ಅವರು ನೀಲಿ ತಯಾರಿಸುವ ಕಾರ್ಖಾನೆಯ ಮೇಲ್ವಿಚಾರಣೆಯನ್ನು ಒಪ್ಪಿಕೊಂಡರು. 1794ರಲ್ಲಿ ಐದು ವರ್ಷದ ಮಗ ಪೀಟರ್ ಕಾಯಿಲೆಯಿಂದ ತೀರಿಕೊಂಡನು. ಆ ದುಃಖವನ್ನು ತಾಳಲಾರದೆ ಹೆಂಡತಿ ಡೊರೊಥಿಯ ಚಿತ್ತಸ್ವಾಸ್ಥ್ಯ ಕೆಟ್ಟಿತು. 1807ರಲ್ಲಿ ಕಣ್ಣು ಮುಚ್ಚುವವರೆಗೂ ಆಕೆ ಚೇತರಿಸಿಕೊಳ್ಳಲಿಲ್ಲ. ಇಷ್ಟು ಸಂಕಟಗಳ ನಡುವೆಯೂ ಕೇರಿಯವರು ಬಂಗಾಳಿಯನ್ನೂ ಸಂಸ್ಕೃತವನ್ನೂ ಅಭ್ಯಾಸ ಮಾಡುತ್ತ ಬೈಬಲಿನ ಅನುವಾದದಲ್ಲಿ ತೊಡಗಿದ್ದರು.

1800ರಲ್ಲಿ ಅವರು ಶ್ರೀರಾಮಪುರಕ್ಕೆ ಬಂದರು. ಅದು ಆಗ ಡೇನರ ಅಧೀನದಲ್ಲಿತ್ತು. ಅಲ್ಲಿ ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಎಂಬ ಇಬ್ಬರು ಸಂಗಡಿಗರು ಅವರನ್ನು ಕೂಡಿಕೊಂಡರು. ಯಾರೂ ಸ್ವಂತಕ್ಕೆಂದು ಸಂಪಾದಿಸಬಾರದು, ಎಲ್ಲರ ದುಡಿಮೆಯೂ ಒಂದೇ ನಿಧಿಗೆ ಸೇರಬೇಕು ಎಂಬುದು ಅವರ ನಿಯಮವಾಗಿತ್ತು. 1801ರಲ್ಲಿ ಕೇರಿಯವರು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳದ ಅಧ್ಯಾಪಕರಾದರು. ಮುಂದೆ ಆ ಸಂಬಳ 1,000 ರೂಪಾಯಿಗೆ ಏರಿತು. ಅಂದಿನ ಕಾಲಕ್ಕೆ ಅದು ಅಪಾರವಾದ ಹಣ. ಅದರಲ್ಲಿ ಅಲ್ಪ ಭಾಗವನ್ನು ಮಾತ್ರ ತಮ್ಮ ಖರ್ಚಿಗೆ ಇಟ್ಟುಕೊಂಡು ಉಳಿದುದನ್ನೆಲ್ಲ ಅವರು ನಿಧಿಗೆ ಒಪ್ಪಿಸುತ್ತಿದ್ದರು.

1812ರ ಮಾರ್ಚ್ 11ರ ಸಂಜೆ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕೇರಿಯವರು ಆಗ ಕಲ್ಕತ್ತೆಯಲ್ಲಿದ್ದರು. ಮರುದಿನ ಮಾರ್ಷ್‌ಮನ್ ಈ ವಾರ್ತೆಯನ್ನು ತಂದರು. ಕಾಗದ, ಅಚ್ಚಿನ ಮೊಳೆಗಳು, ಹಲವು ವರ್ಷಗಳ ಹಸ್ತಪ್ರತಿಗಳು ಬೂದಿಯಾಗಿದ್ದವು. ಸಂಸ್ಕೃತ ಮತ್ತು ಇತರ ಭಾರತೀಯ ಭಾಷೆಗಳ ಒಂದು ಬೃಹತ್ ನಿಘಂಟು ಸುಟ್ಟುಹೋಗಿತ್ತು. ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಉಳಿದಿರಲಿಲ್ಲ. ಆ ಅವಶೇಷಗಳ ನಡುವೆ ನಿಂತಾಗ ಕೇರಿಯವರ ಕಣ್ಣುಗಳು ತುಂಬಿ ಬಂದವು. ಆದರೆ ಅವರು ಯಾರನ್ನೂ ದೂಷಿಸಲಿಲ್ಲ. ದೇವರ ಕೆಲಸವನ್ನು ತನ್ನ ಕೆಲಸವೆಂದು ತಾನು ಎಲ್ಲಿಯಾದರೂ ಭಾವಿಸಿದ್ದುಂಟೇ ಎಂದು ತಮ್ಮ ಅಂತರಂಗವನ್ನೇ ಪರೀಕ್ಷಿಸಿಕೊಂಡರು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಬಾರಿ ನಡೆಯುವುದು ಸುಲಭವೆಂದು ತಿಳಿದು ಮೊದಲಿನಿಂದ ಅನುವಾದಕ್ಕೆ ಕುಳಿತರು. ಅಕ್ಷರಗಳನ್ನು ಎರಕ ಹೊಯ್ಯುವ ಪಡಿಯಚ್ಚುಗಳು ಬೂದಿಯೊಳಗೆ ಕೆಡದೆ ಸಿಕ್ಕಿದವು. ಕರಗಿದ ಸೀಸದಿಂದಲೇ ಹೊಸ ಮೊಳೆಗಳು ಸಿದ್ಧವಾದವು. ಕೆಲವೇ ವಾರಗಳಲ್ಲಿ ಮುದ್ರಣ ಮತ್ತೆ ಆರಂಭವಾಯಿತು. ಕೇರಿಯವರು ರಚಿಸಿದ ಕನ್ನಡ ವ್ಯಾಕರಣವೊಂದು 1817ರಲ್ಲಿ ಅಲ್ಲಿಯೇ ಅಚ್ಚಾಯಿತು.

ಬೆಂಕಿಯ ವಾರ್ತೆ ಬ್ರಿಟನ್ನನ್ನು ತಲುಪಿದಾಗ ಜನರು ಉದಾರವಾಗಿ ಹಣ ಕೊಟ್ಟರು. ಅದರೊಡನೆ ಕೀರ್ತಿಯೂ ಬಂದಿತು. ಅದುವರೆಗೆ ಕೆಲವರಿಗಷ್ಟೇ ತಿಳಿದಿದ್ದ ಹೆಸರು ಮನೆಮಾತಾಯಿತು. ಹೊಗಳಿಕೆಯ ಧೂಪವನ್ನು ಸೇವಿಸಿದರೆ ಅದು ಬೆಂಕಿಗಿಂತಲೂ ಅಪಾಯಕರವಾದೀತೆಂದು ಅವರ ಹಿತೈಷಿ ಆಂಡ್ರ್ಯೂ ಫುಲ್ಲರ್ ಎಚ್ಚರಿಸಿದರು. ಆ ಎಚ್ಚರಿಕೆ ಕೇರಿಯವರಲ್ಲಿ ಮೊದಲೇ ಮನೆ ಮಾಡಿಕೊಂಡಿತ್ತು. ಗವರ್ನರ್ ಜನರಲ್‌ರ ಔತಣವೊಂದರ ಪ್ರಸಂಗವನ್ನು ಇಂದಿಗೂ ಹೇಳುತ್ತಾರೆ. ಈತ ಹಿಂದೆ ಪಾದರಕ್ಷೆ ತಯಾರಿಸುತ್ತಿದ್ದವನಲ್ಲವೇ ಎಂದು ಸೇನಾಧಿಕಾರಿಯೊಬ್ಬನು ಪಕ್ಕದವನನ್ನು ಪಿಸುಮಾತಿನಲ್ಲಿ ಕೇಳಿದನು. ಅದು ಕೇರಿಯವರ ಕಿವಿಗೆ ಬಿದ್ದಿತು. ಅವರು ಸಿಟ್ಟಾಗಲಿಲ್ಲ, ನಾಚಲೂ ಇಲ್ಲ. ತಾವು ಹೊಸ ಜೋಡುಗಳನ್ನು ಮಾಡುವಷ್ಟು ದೊಡ್ಡವರಲ್ಲವೆಂದೂ ಹರಿದ ಜೋಡುಗಳನ್ನು ಹೊಲಿದುಕೊಡುತ್ತಿದ್ದವರು ಮಾತ್ರವೆಂದೂ ಶಾಂತವಾಗಿ ತಿದ್ದಿದರು.

1829ರ ಡಿಸೆಂಬರಿನಲ್ಲಿ ಲಾರ್ಡ್ ಬೆಂಟಿಂಕ್ ಸತೀಪದ್ಧತಿಯನ್ನು ನಿಷೇಧಿಸಿದಾಗ ಆ ಶಾಸನವನ್ನು ಬಂಗಾಳಿಗೆ ಅನುವಾದಿಸುವ ಹೊಣೆ ಕೇರಿಯವರಿಗೆ ಬಂದಿತು. ಆ ಪತ್ರ ಅವರ ಕೈಸೇರಿದ್ದು ಭಾನುವಾರ. ಅಂದು ಅವರು ಪ್ರಾರ್ಥನಾಮಂದಿರದಲ್ಲಿ ಉಪದೇಶ ಮಾಡಬೇಕಾಗಿತ್ತು. ಒಂದು ಗಳಿಗೆ ತಡವಾದರೂ ಯಾರೋ ಒಬ್ಬ ವಿಧವೆಯ ಪ್ರಾಣ ಹೋದೀತೆಂದು ಯೋಚಿಸಿ, ಉಪದೇಶದ ಹೊಣೆಯನ್ನು ಬೇರೊಬ್ಬರಿಗೆ ವಹಿಸಿದರು. ಪಂಡಿತರನ್ನು ಕರೆಸಿಕೊಂಡು ಸಂಜೆಯೊಳಗೆ ಅನುವಾದವನ್ನು ಮುಗಿಸಿದರು. ವೇದಿಕೆಯ ಮೇಲೆ ನಿಲ್ಲುವುದಕ್ಕಿಂತ ಮರೆಯಲ್ಲಿ ಕುಳಿತು ಬರೆಯುವುದೇ ಅಂದಿನ ದೇವರ ಸೇವೆಯೆಂದು ಅವರಿಗೆ ತೋರಿತು.

1834ರಲ್ಲಿ ಅವರು ಹಾಸಿಗೆ ಹಿಡಿದರು. ಅಲೆಕ್ಸಾಂಡರ್ ಡಫ್ ಎಂಬ ತರುಣ ಪಾದ್ರಿ ಅವರನ್ನು ನೋಡಲು ಬಂದು ಅವರ ಸಾಧನೆಗಳ ವಿಷಯವನ್ನೇ ಬಹಳ ಹೊತ್ತು ಮಾತನಾಡಿದರು. ಡಫ್ ಹೊರಟಾಗ ಕೇರಿಯವರು ಕ್ಷೀಣವಾದ ದನಿಯಲ್ಲಿ ಅವರನ್ನು ಹಿಂದಕ್ಕೆ ಕರೆದರು. ತಾವು ಗತಿಸಿದ ಮೇಲೆ ಡಾಕ್ಟರ್ ಕೇರಿಯ ವಿಷಯ ಏನನ್ನೂ ಹೇಳಬಾರದೆಂದೂ, ಕೇರಿಯನ್ನು ಉದ್ಧರಿಸಿದ ಪ್ರಭುವಿನ ವಿಷಯವನ್ನು ಹೇಳಬೇಕೆಂದೂ ಕೇಳಿಕೊಂಡರು. ಜೂನ್ 9ರಂದು ಅವರು ದೈವಾಧೀನರಾದರು.

ಶ್ರೀರಾಮಪುರದ ಸಮಾಧಿಯ ಕಲ್ಲಿನ ಮೇಲೆ ಏನನ್ನು ಕೆತ್ತಬೇಕೆಂಬುದನ್ನು ಅವರು ತಮ್ಮ ಉಯಿಲಿನಲ್ಲಿಯೇ ತಿಳಿಸಿದ್ದರು. ಹೆಸರು, ಹುಟ್ಟಿದ ಮತ್ತು ಮಡಿದ ದಿನಗಳು, ತನ್ನನ್ನು ದೀನನೆಂದು ಒಪ್ಪಿಕೊಂಡು ದೇವರ ತೋಳುಗಳಿಗೆ ಒಪ್ಪಿಸಿಕೊಳ್ಳುವ ಭಕ್ತನೊಬ್ಬನ ಎರಡು ಸಾಲುಗಳು: ಇಷ್ಟು ಮಾತ್ರ ಸಾಕು, ಹೆಚ್ಚೇನೂ ಬೇಡವೆಂದು ವಿಧಿಸಿದ್ದರು. ಸುಮಾರು 40 ಭಾಷೆಗಳ ಅನುವಾದಗಳ ಹಿಂದೆ ನಿಂತಿದ್ದವರು, ನಿಘಂಟು ವ್ಯಾಕರಣಗಳನ್ನು ರಚಿಸಿದವರು, 1818ರಲ್ಲಿ ಕಾಲೇಜೊಂದನ್ನು ಸ್ಥಾಪಿಸಿದವರಲ್ಲಿ ಒಬ್ಬರು ಅಲ್ಲಿ ಮಲಗಿದ್ದಾರೆಂಬುದನ್ನು ಆ ಕಲ್ಲು ಹೇಳುವುದಿಲ್ಲ.