ರಣಭೂಮಿಗೆ ಮರಳಿದ ಅತಿಥಿ

1824ನೆಯ ಇಸವಿ ಆಗಸ್ಟ್ ತಿಂಗಳ 15ನೆಯ ದಿನ. ಫ್ರಾನ್ಸಿನಿಂದ ಹೊರಟ ಕ್ಯಾಡ್ಮಸ್ ಎಂಬ ವ್ಯಾಪಾರಿ ಹಡಗು ಒಂದು ತಿಂಗಳ ಸಮುದ್ರಯಾನವನ್ನು ಮುಗಿಸಿ ನ್ಯೂಯಾರ್ಕ್ ಬಂದರನ್ನು ಸೇರಿತು. ಅದರಲ್ಲಿ ಅರವತ್ತಾರು ವರ್ಷ ವಯಸ್ಸಿನ ವೃದ್ಧನೊಬ್ಬನಿದ್ದನು. ಅವನ ನಡಿಗೆ ಕುಂಟುತ್ತಿತ್ತು, ಕೈಯಲ್ಲಿ ಊರುಗೋಲಿತ್ತು. ಅವನನ್ನು ಕರೆತರಲು ಅಮೆರಿಕದ ಸರ್ಕಾರವು ಯುದ್ಧನೌಕೆಯನ್ನೇ ಕಳುಹಿಸಲು ಸಿದ್ಧವಾಗಿತ್ತು. ಆತನು ಅದನ್ನು ವಿನಯದಿಂದ ನಿರಾಕರಿಸಿ, ಸಾಮಾನ್ಯ ಪ್ರಯಾಣಿಕನಂತೆ ಬಂದಿದ್ದನು. ಆದರೆ ಮರುದಿನ ಅವನು ನಗರಕ್ಕೆ ಕಾಲಿಟ್ಟಾಗ ಫಿರಂಗಿಗಳು ಮೊಳಗಿದವು, ಗಂಟೆಗಳು ಬಾರಿಸಿದವು, ಬೀದಿಗಳು ಜನರಿಂದ ತುಂಬಿಹೋದವು. ಆ ಜನಸಂದಣಿಯಲ್ಲಿ ತಲೆ ನರೆತ ಕೆಲವು ಮುದುಕರೂ ಇದ್ದರು. ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅವನೊಡನೆ ಹೋರಾಡಿದ ಯೋಧರು ಅವರು. ಬಂದ ಅತಿಥಿಯ ಹೆಸರು ಮಾರ್ಕ್ವಿಸ್ ದ ಲಫಾಯೆತ್.

ಲಫಾಯೆತ್ತನು 1757ನೆಯ ಇಸವಿ ಸೆಪ್ಟೆಂಬರ್ 6ರಂದು ಫ್ರಾನ್ಸಿನ ಓವೆರ್ನ್ ಪ್ರಾಂತದ ಶಾವಾನ್ಯಾಕ್ ಎಂಬಲ್ಲಿ ಜನಿಸಿದನು. ಅವನದು ಯೋಧರ ಮನೆತನ. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ಮಿಂಡೆನ್ ಕಾಳಗದಲ್ಲಿ ಇಂಗ್ಲಿಷರ ಫಿರಂಗಿಗೆ ಬಲಿಯಾದನು. ಹನ್ನೆರಡನೆಯ ವಯಸ್ಸಿನಲ್ಲಿ ತಾಯಿಯೂ ತೀರಿಕೊಂಡಳು. ಅನಾಥನಾದ ಬಾಲಕನಿಗೆ ಉಳಿದದ್ದು ಅಪಾರ ಐಶ್ವರ್ಯ ಮಾತ್ರ. ಹದಿನಾರನೆಯ ವಯಸ್ಸಿನಲ್ಲಿ ಪ್ರತಿಷ್ಠಿತ ನೊಆಯ್ ಮನೆತನದ ಆದ್ರಿಯೆನ್ ಎಂಬ ಕನ್ಯೆಯೊಡನೆ ಅವನ ವಿವಾಹವಾಯಿತು. ರಾಜನ ಆಸ್ಥಾನದಲ್ಲಿ ಸುಖವಾಗಿ ಕಾಲ ಕಳೆಯುವ ಎಲ್ಲ ಅನುಕೂಲಗಳೂ ಅವನಿಗಿದ್ದವು. ಆದರೆ ಆಸ್ಥಾನದ ನರ್ತನ, ವಿನೋದ, ಹೊಗಳಿಕೆಗಳು ಅವನ ಮನಸ್ಸಿಗೆ ಹಿಡಿಸಲಿಲ್ಲ.

ಅಷ್ಟರಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ಅಮೆರಿಕದ ಹದಿಮೂರು ವಸಾಹತುಗಳು ಬ್ರಿಟನ್ನಿನ ಆಳ್ವಿಕೆಯ ವಿರುದ್ಧ ದಂಗೆಯೆದ್ದವು. ಈ ಸುದ್ದಿಯನ್ನು ಕೇಳಿದ ಲಫಾಯೆತ್ತನ ಹೃದಯವು ಆ ಜನರ ಕಡೆಗೆ ಒಲಿಯಿತು. ಅಲ್ಲಿಗೆ ಹೋಗಕೂಡದೆಂದು ದೊರೆಯ ಆಜ್ಞೆಯಾಯಿತು, ಮಾವನೂ ವಿರೋಧಿಸಿದನು. ಯುವಕನು ಯಾರ ಮಾತನ್ನೂ ಲೆಕ್ಕಿಸದೆ ಸ್ವಂತ ಹಣದಿಂದ ಹಡಗೊಂದನ್ನು ಕೊಂಡನು. ತುಂಬುಗರ್ಭಿಣಿಯಾಗಿದ್ದ ಪತ್ನಿಯನ್ನೂ ಎಳೆಯ ಮಗುವನ್ನೂ ಬಿಟ್ಟು, 1777ರ ಏಪ್ರಿಲಿನಲ್ಲಿ ಸ್ಪೇನಿನ ರೇವಿನಿಂದ ಹಡಗೇರಿದನು. ಅವನೊಡನೆ ಡ ಕಾಲ್ಬ್ ಎಂಬ ಅನುಭವಿ ಸೇನಾನಿಯೂ ಹೊರಟನು. ಜೂನ್ 13ರಂದು ಹಡಗು ದಕ್ಷಿಣ ಕ್ಯಾರೊಲಿನದ ತೀರವನ್ನು ಮುಟ್ಟಿತು. ಸಂಬಳವಿಲ್ಲದೆ ಸೇವೆ ಸಲ್ಲಿಸುತ್ತೇನೆಂದು ಅವನು ಅಮೆರಿಕದ ಕಾಂಗ್ರೆಸ್ಸಿಗೆ ತಿಳಿಸಿದಾಗ, ಅದು ಅವನಿಗೆ ಮೇಜರ್ ಜನರಲ್ ಪದವಿಯನ್ನು ನೀಡಿತು. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಸೆಪ್ಟೆಂಬರ್ 11ರಂದು ಬ್ರಾಂಡಿವೈನ್ ಹೊಳೆಯ ಬಳಿ ನಡೆದ ಕಾಳಗವೇ ಅವನು ಕಂಡ ಮೊದಲ ಯುದ್ಧ. ಹಿಮ್ಮೆಟ್ಟುತ್ತಿದ್ದ ಸೈನಿಕರನ್ನು ತಡೆದು ಒಗ್ಗೂಡಿಸುತ್ತಿದ್ದಾಗ ಅವನ ಕಾಲಿಗೆ ಗುಂಡು ತಗಲಿತು. ಗಾಯವು ಮಾಯುವ ಮೊದಲೇ ಅವನು ಸೇನೆಗೆ ಮರಳಿದನು. ಆ ವರ್ಷದ ಚಳಿಗಾಲವನ್ನು ಸೈನ್ಯವು ವ್ಯಾಲಿ ಫೋರ್ಜ್ ಎಂಬಲ್ಲಿ ಕಳೆಯಿತು. ಸೈನಿಕರಿಗೆ ಹೊಟ್ಟೆಗೆ ಅನ್ನವಿಲ್ಲ, ಮೈಗೆ ಬಟ್ಟೆಯಿಲ್ಲ, ಕಾಲಿಗೆ ಪಾದರಕ್ಷೆಯಿಲ್ಲ. ರೋಗರುಜಿನಗಳಿಂದ ಸುಮಾರು ಎರಡು ಸಾವಿರ ಮಂದಿ ಅಲ್ಲಿ ಸತ್ತರು. ಫ್ರಾನ್ಸಿನ ಶ್ರೀಮಂತ ಯುವಕನು ಆ ಕಷ್ಟವನ್ನೆಲ್ಲ ಅವರೊಂದಿಗೆ ಹಂಚಿಕೊಂಡನು. ಸ್ವಂತ ಮಕ್ಕಳಿಲ್ಲದ ಮಹಾದಂಡನಾಯಕ ಜಾರ್ಜ್ ವಾಷಿಂಗ್ಟನ್ನನಿಗೆ ಅವನು ಮಗನಂತಾದನು. ತಂದೆಯನ್ನು ಕಾಣದ ಲಫಾಯೆತ್ತನಿಗೆ ವಾಷಿಂಗ್ಟನ್ ತಂದೆಯಾದನು. ಮುಂದೆ ತನಗೆ ಗಂಡುಮಗು ಹುಟ್ಟಿದಾಗ ಅವನು ಅದಕ್ಕೆ ಜಾರ್ಜ್ ವಾಷಿಂಗ್ಟನ್ ಎಂದೇ ಹೆಸರಿಟ್ಟನು.

1779ರಲ್ಲಿ ಸ್ವದೇಶಕ್ಕೆ ತೆರಳಿದ ಲಫಾಯೆತ್ತನು ಅಮೆರಿಕಕ್ಕೆ ಸೈನ್ಯ ಹಾಗೂ ನೌಕಾಬಲವನ್ನು ಕಳುಹಿಸಬೇಕೆಂದು ಫ್ರಾನ್ಸಿನ ಸರ್ಕಾರವನ್ನು ಒತ್ತಾಯಿಸಿದನು. ಮರುವರ್ಷ ಆ ನೆರವಿನ ಸುದ್ದಿಯೊಡನೆ ಹಿಂದಿರುಗಿದನು. 1781ರಲ್ಲಿ ವರ್ಜೀನಿಯ ಪ್ರಾಂತದಲ್ಲಿ ಚಿಕ್ಕ ಪಡೆಯೊಂದನ್ನು ಕಟ್ಟಿಕೊಂಡು, ಬಲಾಢ್ಯನಾದ ಕಾರ್ನ್‌ವಾಲಿಸನ ಸೈನ್ಯದ ಬೆನ್ನುಹತ್ತಿದನು. ಶತ್ರುವಿನ ಚಲನವಲನಗಳನ್ನು ಅರಿಯಲು ಅವನಿಗೆ ನೆರವಾದವನು ಜೇಮ್ಸ್ ಎಂಬ ನೀಗ್ರೊ ಗುಲಾಮ. ಓಡಿಬಂದ ಗುಲಾಮನೆಂದು ನಟಿಸುತ್ತ ಜೇಮ್ಸನು ಬ್ರಿಟಿಷರ ಶಿಬಿರವನ್ನು ಹೊಕ್ಕು, ಪ್ರಾಣವನ್ನು ಪಣವಾಗಿಟ್ಟು ಸುದ್ದಿಗಳನ್ನು ತಂದುಕೊಟ್ಟನು. ಕೊನೆಗೆ ಯಾರ್ಕ್‌ಟೌನಿನಲ್ಲಿ ನೆಲದ ಮೇಲೂ ಜಲದ ಮೇಲೂ ಸಿಕ್ಕಿಬಿದ್ದ ಕಾರ್ನ್‌ವಾಲಿಸನ ಸೈನ್ಯವು ಅಕ್ಟೋಬರ್ 19ರಂದು ಶರಣಾಯಿತು. ಅಲ್ಲಿ ಸೋತ ಇದೇ ಕಾರ್ನ್‌ವಾಲಿಸನು ಮುಂದೆ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟಿಪ್ಪುಸುಲ್ತಾನನ ಅರ್ಧ ರಾಜ್ಯವನ್ನು ಕಿತ್ತುಕೊಂಡನೆಂಬುದನ್ನು ಕನ್ನಡಿಗರು ಬಲ್ಲರು.

ಯುದ್ಧವು ಮುಗಿಯಿತು, ಅಮೆರಿಕ ಸ್ವತಂತ್ರವಾಯಿತು. ಆದರೆ ಜೇಮ್ಸ್ ಗುಲಾಮನಾಗಿಯೇ ಉಳಿದನು. ಸೈನಿಕರಾಗಿ ಹೋರಾಡಿದ ಕೆಲವು ಗುಲಾಮರಿಗೆ ವರ್ಜೀನಿಯದ ಕಾನೂನು ಬಿಡುಗಡೆಯನ್ನು ನೀಡಿತ್ತು; ಗೂಢಚಾರನಾದ ಅವನಿಗೆ ಅದು ಅನ್ವಯಿಸಲಿಲ್ಲ. 1784ರಲ್ಲಿ ಅಮೆರಿಕಕ್ಕೆ ಬಂದ ಲಫಾಯೆತ್ತನು ಜೇಮ್ಸನ ಸೇವೆಯನ್ನು ಪ್ರಶಂಸಿಸಿ ತನ್ನ ಕೈಯಾರೆ ಪತ್ರವೊಂದನ್ನು ಬರೆದುಕೊಟ್ಟನು. ಆ ಪತ್ರದ ಬಲದಿಂದ 1787ರಲ್ಲಿ ಜೇಮ್ಸನಿಗೆ ಸ್ವಾತಂತ್ರ್ಯ ದೊರೆಯಿತು. ಕೃತಜ್ಞನಾದ ಅವನು ಲಫಾಯೆತ್ ಎಂಬ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡನು. ಗುಲಾಮಗಿರಿಯ ಅನ್ಯಾಯವು ಲಫಾಯೆತ್ತನ ಮನಸ್ಸನ್ನು ಕೊರೆಯುತ್ತಿತ್ತು. ಗುಲಾಮರನ್ನು ಕ್ರಮವಾಗಿ ಬಿಡುಗಡೆ ಮಾಡುವ ಪ್ರಯೋಗವನ್ನು ಜೊತೆಗೂಡಿ ನಡೆಸೋಣವೆಂದು ಅವನು 1783ರಲ್ಲಿಯೇ ವಾಷಿಂಗ್ಟನ್ನನಿಗೆ ಬರೆದಿದ್ದನು. ಮುಂದೆ ಫ್ರೆಂಚ್ ವಸಾಹತಾದ ಕಾಯೆನ್ನಿನಲ್ಲಿ ತೋಟವೊಂದನ್ನು ಕೊಂಡು, ಆ ಪ್ರಯೋಗವನ್ನು ತಾನೇ ಆರಂಭಿಸಿದನು.

ಫ್ರಾನ್ಸಿನ ಮಹಾಕ್ರಾಂತಿ ಅವನ ಬಾಳನ್ನು ಬುಡಮೇಲು ಮಾಡಿತು. 1789ರಲ್ಲಿ ಮಾನವನ ಹಕ್ಕುಗಳ ಘೋಷಣೆಯ ಕರಡನ್ನು ಸಭೆಯ ಮುಂದಿಟ್ಟವನು ಅವನೇ. ರಾಷ್ಟ್ರೀಯ ರಕ್ಷಣಾದಳಕ್ಕೆ ನಾಯಕನಾದವನೂ ಅವನೇ. ಜನರು ಕೆಡವಿದ ಬಾಸ್ಟೀಲ್ ಸೆರೆಮನೆಯ ಬೀಗದ ಕೈಯನ್ನು ಅವನು ವಾಷಿಂಗ್ಟನ್ನನಿಗೆ ಕಾಣಿಕೆಯಾಗಿ ಕಳುಹಿಸಿದನು. ಅದು ಇಂದಿಗೂ ಮೌಂಟ್ ವರ್ನನ್ನಿನ ಮನೆಯಲ್ಲಿದೆ. ಆದರೆ ಕ್ರಾಂತಿಯು ಉಗ್ರವಾದಾಗ ಉಗ್ರವಾದಿಗಳು ಅವನನ್ನು ದ್ರೋಹಿಯೆಂದರು. ಅವನು 1792ರಲ್ಲಿ ದೇಶ ಬಿಟ್ಟು ಹೊರಟಾಗ ಶತ್ರುಪಡೆಗಳು ಅವನನ್ನು ಸೆರೆಹಿಡಿದವು. ಐದು ವರ್ಷ ಅವನು ಕಾರಾಗೃಹದಲ್ಲಿ ಕೊಳೆತನು. ಆದ್ರಿಯೆನ್ ಇಬ್ಬರು ಹೆಣ್ಣುಮಕ್ಕಳೊಡನೆ ಓಲ್ಮುಟ್ಸಿನ ಸೆರೆಮನೆಗೆ ಬಂದು, ಬಿಡುಗಡೆಯ ದಿನದವರೆಗೂ ಅವನೊಡನೆ ಬಂಧನದಲ್ಲಿದ್ದಳು. ಮಗನು ಅಮೆರಿಕದಲ್ಲಿ ವಾಷಿಂಗ್ಟನ್ನನ ಆಶ್ರಯವನ್ನು ಪಡೆದನು. ಕಾಯೆನ್ನಿನ ತೋಟವು ಮುಟ್ಟುಗೋಲಾಗಿ, ಗುಲಾಮರ ಬಿಡುಗಡೆಯ ಪ್ರಯೋಗವು ಅರ್ಧಕ್ಕೇ ನಿಂತಿತು. 1797ರಲ್ಲಿ ಲಫಾಯೆತ್ತನು ಸೆರೆಯಿಂದ ಹೊರಬಂದನು. ಎರಡು ವರ್ಷಗಳಲ್ಲಿ ವಾಷಿಂಗ್ಟನ್ ತೀರಿಕೊಂಡನು. 1807ರಲ್ಲಿ ಆದ್ರಿಯೆನ್ನಳೂ ಗತಿಸಿದಳು. ಐಶ್ವರ್ಯದ ಬಹುಭಾಗವು ಕರಗಿಹೋಗಿತ್ತು. ಇಂಥ ಇಳಿವಯಸ್ಸಿನಲ್ಲಿ, 1824ರಲ್ಲಿ, ಅಧ್ಯಕ್ಷ ಜೇಮ್ಸ್ ಮನ್ರೋ ಮತ್ತು ಅಮೆರಿಕದ ಕಾಂಗ್ರೆಸ್ಸು ಅವನನ್ನು ರಾಷ್ಟ್ರದ ಅತಿಥಿಯಾಗಿ ಆಹ್ವಾನಿಸಿದವು.

ನಾಲ್ಕು ತಿಂಗಳಿಗೆಂದು ಬಂದ ಪ್ರವಾಸವು ಹದಿಮೂರು ತಿಂಗಳಿಗೆ ಬೆಳೆಯಿತು. ಹದಿಮೂರಾಗಿದ್ದ ರಾಜ್ಯಗಳು ಆಗ ಇಪ್ಪತ್ತನಾಲ್ಕಾಗಿದ್ದವು. ಲಫಾಯೆತ್ತನು ತನ್ನ ಮಗನೊಡನೆ ಒಂದನ್ನೂ ಬಿಡದೆ ಎಲ್ಲವನ್ನೂ ಸಂದರ್ಶಿಸಿದನು. ಕುದುರೆಗಾಡಿಗಳಲ್ಲಿ, ಉಗಿಹಡಗುಗಳಲ್ಲಿ, ಹೊಸದಾಗಿ ತೋಡಿದ ಕಾಲುವೆಗಳಲ್ಲಿ ಅವನ ಪ್ರಯಾಣ ಸಾಗಿತು. 1825ರ ಮೇ ತಿಂಗಳ ಒಂದು ರಾತ್ರಿ ಒಹಾಯೋ ನದಿಯಲ್ಲಿ ಅವನಿದ್ದ ಹಡಗು ಮುಳುಗಿತು. ಪ್ರಾಣಾಪಾಯದಿಂದ ಪಾರಾದ ಆ ವೃದ್ಧನು ಬೇರೊಂದು ಹಡಗನ್ನೇರಿ ಪ್ರಯಾಣವನ್ನು ಮುಂದುವರಿಸಿದನು. ಸಂಬಳವಿಲ್ಲದೆ ದುಡಿದು, ಸ್ವಂತ ಹಣವನ್ನು ಯುದ್ಧಕ್ಕೆ ಸುರಿದಿದ್ದ ಅವನಿಗೆ ಕಾಂಗ್ರೆಸ್ಸು ಎರಡು ಲಕ್ಷ ಡಾಲರುಗಳನ್ನೂ ವಿಸ್ತಾರವಾದ ಭೂಮಿಯನ್ನೂ ಅರ್ಪಿಸಿತು.

ಈ ಸಂಭ್ರಮದ ನಡುವೆ ಅವನ ಮನಸ್ಸು ಹಳೆಯ ರಣಭೂಮಿಗಳನ್ನೂ ಅಗಲಿದ ಗೆಳೆಯರನ್ನೂ ಅರಸುತ್ತಿತ್ತು. 1824ರ ಅಕ್ಟೋಬರ್ 17ರಂದು ಅವನು ಮೌಂಟ್ ವರ್ನನ್ನಿಗೆ ಹೋಗಿ, ವಾಷಿಂಗ್ಟನ್ನನ ಸಮಾಧಿಯ ನೆಲಮಾಳಿಗೆಗೆ ಒಬ್ಬನೇ ಇಳಿದನು. ಸ್ವಲ್ಪ ಹೊತ್ತಿನ ಮೇಲೆ ಹೊರಬಂದಾಗ ಅವನ ಕಣ್ಣುಗಳು ನೀರಿನಿಂದ ತುಂಬಿದ್ದವು. ಬಳಿಕ ಮಗನ ಕೈಹಿಡಿದು ಮತ್ತೆ ಒಳಗೆ ಕರೆದೊಯ್ದನು. ಎರಡು ದಿನಗಳ ಅನಂತರ, ವಿಜಯದ ವಾರ್ಷಿಕೋತ್ಸವದಂದು, ಯಾರ್ಕ್‌ಟೌನಿನಲ್ಲಿ ಹಳೆಯ ಯೋಧರು ಅವನನ್ನು ಸುತ್ತುವರಿದರು. ಕಾರ್ನ್‌ವಾಲಿಸನ ಸೈನ್ಯವು ಬಿಟ್ಟುಹೋಗಿದ್ದ ಮೇಣದ ಬತ್ತಿಗಳು ಅಲ್ಲಿಯ ನೆಲಮಾಳಿಗೆಯೊಂದರಲ್ಲಿ ಸಿಕ್ಕಿದವು. ಶತ್ರುವಿನ ಆ ಹಳೆಯ ಬತ್ತಿಗಳನ್ನು ಹೊತ್ತಿಸಿ, ಅವುಗಳ ಬೆಳಕಿನಲ್ಲಿ ಜನರು ಸಂತೋಷಪಟ್ಟರು. ಮರುವರ್ಷ ಕ್ಯಾಮ್ಡೆನ್ ಪಟ್ಟಣದಲ್ಲಿ ಲಫಾಯೆತ್ತನು ತನ್ನೊಡನೆ ಅದೇ ಹಡಗಿನಲ್ಲಿ ಬಂದು, 1780ರಲ್ಲಿ ಅಲ್ಲಿಯೇ ಮಡಿದ ಡ ಕಾಲ್ಬನ ಸ್ಮಾರಕಕ್ಕೆ ಅಸ್ತಿಭಾರವನ್ನಿಟ್ಟನು. ತನ್ನ ರಕ್ತ ಚೆಲ್ಲಿದ ಬ್ರಾಂಡಿವೈನಿನ ನೆಲವನ್ನೂ ನೋಡಿ ಬಂದನು. ಜೂನ್ 17ರಂದು ಬಾಸ್ಟನ್ ಬಳಿಯ ಬಂಕರ್ ಹಿಲ್ ಕಾಳಗದ ಐವತ್ತನೆಯ ವರ್ಷದ ಸಮಾರಂಭದಲ್ಲಿ ಭಾಗವಹಿಸಿ, ಆ ಗುಡ್ಡದ ಮಣ್ಣನ್ನು ತನ್ನ ಗೋರಿಯ ಮೇಲೆ ಹರಡಲೆಂದು ಸಂಗ್ರಹಿಸಿಕೊಂಡನು.

ರಿಚ್ಮಂಡ್ ನಗರದಲ್ಲಿ ಮೆರವಣಿಗೆಯಲ್ಲಿ ಸಾಗುತ್ತಿದ್ದಾಗ ಜನಸಂದಣಿಯ ನಡುವೆ ವೃದ್ಧ ನೀಗ್ರೊ ಒಬ್ಬನ ಮುಖವು ಅವನ ಕಣ್ಣಿಗೆ ಬಿದ್ದಿತು. ಅವನು ಜೇಮ್ಸ್. ಲಫಾಯೆತ್ತನು ಅವನನ್ನು ಹೆಸರು ಹಿಡಿದು ಕರೆದು ಅಪ್ಪಿಕೊಂಡನೆಂದು ಅಂದಿನ ಪತ್ರಿಕೆ ವರದಿಮಾಡಿತು. ಕರಿಯರನ್ನು ಸಮಾನರೆಂದು ಕಾಣದ ಆ ಊರಿನಲ್ಲಿ, ದೇಶವೇ ತಲೆಬಾಗಿದ ಅತಿಥಿಯ ಈ ಆಲಿಂಗನವು ಅನೇಕರಿಗೆ ಆಶ್ಚರ್ಯವನ್ನು ಉಂಟುಮಾಡಿರಬೇಕು. ನ್ಯೂಯಾರ್ಕಿನಲ್ಲಿಯೂ ಅವನು ನೀಗ್ರೊ ಮಕ್ಕಳ ಶಾಲೆಗೆ ಹೋಗಿ, ಅವರ ವಿದ್ಯಾಭ್ಯಾಸವನ್ನು ಕಂಡು ಸಂತೋಷಪಟ್ಟಿದ್ದನು.

ನವೆಂಬರ್ ತಿಂಗಳಲ್ಲಿ ಅವನು ಮಾಂಟಿಚೆಲ್ಲೊಗೆ ಹೋದನು. ಅಲ್ಲಿ ಅವನ ಮಿತ್ರನೂ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ರಚಿಸಿದವನೂ ಆದ ಥಾಮಸ್ ಜೆಫರ್ಸನ್ ವಾಸವಾಗಿದ್ದನು. ಇಬ್ಬರು ವೃದ್ಧರೂ ತಬ್ಬಿಕೊಂಡು ಅತ್ತರು. ನೆರೆದ ಜನರು ಮೂಕರಾಗಿ ನೋಡುತ್ತ ನಿಂತರು. ಆದರೆ ಮಾನವರೆಲ್ಲರೂ ಸಮಾನರೆಂದು ಬರೆದ ಜೆಫರ್ಸನ್ನನ ಎಸ್ಟೇಟಿನಲ್ಲಿಯೇ ನೂರಾರು ಗುಲಾಮರು ದುಡಿಯುತ್ತಿದ್ದರು. ಅವರಿಬ್ಬರೂ ಗಾಡಿಯಲ್ಲಿ ವಿಹಾರಕ್ಕೆ ಹೋದಾಗ ಅದನ್ನು ನಡೆಸುತ್ತಿದ್ದ ಇಸ್ರೇಲ್ ಎಂಬ ಗುಲಾಮನು ಅವರ ಮಾತುಗಳಿಗೆ ಕಿವಿಗೊಟ್ಟನು. ಒಬ್ಬ ಮನುಷ್ಯನು ತನ್ನ ಸೋದರ ಮಾನವನ ಒಡೆಯನಾಗುವುದು ನ್ಯಾಯವಲ್ಲವೆಂದೂ, ಮನುಕುಲದ ಸ್ವಾತಂತ್ರ್ಯಕ್ಕಾಗಿ ಎಂದು ನಂಬಿಯೇ ತಾನು ಅಮೆರಿಕದ ಪರವಾಗಿ ಹೋರಾಡಿದೆನೆಂದೂ, ಇನ್ನೂ ಒಂದು ಭಾಗದ ಜನರು ಬಂಧನದಲ್ಲಿರುವುದು ತನಗೆ ನೋವನ್ನು ತಂದಿದೆಯೆಂದೂ ಲಫಾಯೆತ್ತನು ಮಿತ್ರನಿಗೆ ತಿಳಿಸಿದನು. ಗುಲಾಮರಿಗೆ ಬಿಡುಗಡೆಯಾಗುವ ಕಾಲವು ಬಂದೇ ಬರುತ್ತದೆಂದು ಜೆಫರ್ಸನ್ ಒಪ್ಪಿದನು. ಆದರೆ ಅದು ಯಾವಾಗ, ಹೇಗೆ ಎಂಬುದನ್ನು ಹೇಳಲಿಲ್ಲ. ಇಸ್ರೇಲನು ಈ ಮಾತುಗಳನ್ನು ಸುಮಾರು ಐವತ್ತು ವರ್ಷ ಮನಸ್ಸಿನಲ್ಲಿ ಕಾಪಾಡಿಕೊಂಡಿದ್ದು, 1873ರಲ್ಲಿ, ತಾನು ಸ್ವತಂತ್ರನಾದ ಮೇಲೆ, ಲೋಕಕ್ಕೆ ತಿಳಿಸಿದನು. ಅಷ್ಟರಲ್ಲಿ ಘೋರವಾದ ಅಂತರ್ಯುದ್ಧವೊಂದು ನಡೆದು, 1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿಯು ಕೊನೆಗೊಂಡಿತ್ತು.

1825ರ ಸೆಪ್ಟೆಂಬರ್ 6ರಂದು ಲಫಾಯೆತ್ತನ ಅರವತ್ತೆಂಟನೆಯ ಹುಟ್ಟುಹಬ್ಬವನ್ನು ಅಧ್ಯಕ್ಷನ ಭವನದಲ್ಲಿ ಆಚರಿಸಲಾಯಿತು. ಮರುದಿನ ಅವನು ಅಮೆರಿಕಕ್ಕೆ ಕೊನೆಯ ವಿದಾಯ ಹೇಳಿದನು. ಅವನನ್ನು ಕೊಂಡೊಯ್ದ ಯುದ್ಧನೌಕೆಗೆ ಅವನ ಗೌರವಾರ್ಥವಾಗಿ ಬ್ರಾಂಡಿವೈನ್ ಎಂದು ಹೆಸರಿಡಲಾಗಿತ್ತು. 1834ರ ಮೇ 20ರಂದು ಅವನು ಪ್ಯಾರಿಸಿನಲ್ಲಿ ನಿಧನ ಹೊಂದಿದನು. ಪಿಕ್‌ಪ್ಯೂಸ್ ಸ್ಮಶಾನದಲ್ಲಿ ಆದ್ರಿಯೆನ್ನಳ ಪಕ್ಕದಲ್ಲಿ ಅವನ ಸಮಾಧಿಯಾಯಿತು. ಅದರ ಮೇಲೆ ಬಂಕರ್ ಹಿಲ್ಲಿನ ಮಣ್ಣನ್ನು ಹರಡಲಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ನೆರವಿಗೆ ಬಂದ ಅಮೆರಿಕದ ಸೈನಿಕರು 1917ರ ಜುಲೈ 4ರಂದು ಆ ಸಮಾಧಿಗೆ ಹೋಗಿ ಗೌರವವನ್ನು ಸಲ್ಲಿಸಿದರು.

ಯೋಧನು ತಾನು ಕಾದಿದ ನೆಲಕ್ಕೆ ಮರಳಿದಾಗ ಗೆಲುವಿನ ಸ್ಮಾರಕಗಳನ್ನು ನೋಡಿ ಸಂತೋಷಪಡುವುದು ಸಹಜ. ಲಫಾಯೆತ್ತನೂ ಸಂತೋಷಪಟ್ಟನು. ಆದರೆ ಯಾವ ಧ್ಯೇಯಕ್ಕಾಗಿ ತಾನು ರಕ್ತ ಸುರಿಸಿದನೋ ಆ ಧ್ಯೇಯವು ಎಲ್ಲರಿಗೂ ಫಲಿಸಿದೆಯೇ ಎಂದು ಅವನು ಪರೀಕ್ಷಿಸಿ ನೋಡಿದನು. ಫಲಿಸದೆ ಉಳಿದದ್ದನ್ನು, ತನ್ನನ್ನು ಸತ್ಕರಿಸಿದ ಮಿತ್ರನ ಮುಂದೆಯೇ ಹೇಳಲು ಹಿಂಜರಿಯಲಿಲ್ಲ. ಹತ್ತೊಂಬತ್ತರ ಯುವಕನಲ್ಲಿದ್ದ ಸ್ವಾತಂತ್ರ್ಯಪ್ರೇಮವು ಅರವತ್ತೇಳರ ವೃದ್ಧನಲ್ಲಿಯೂ ಮಾಸದೆ ಉಳಿದಿತ್ತು.