ಪ್ರಾಣಿಗಳ ಕಥೆ ಹೇಳಿ ಸರ್ವಾಧಿಕಾರವನ್ನು ಬಯಲಿಗೆಳೆದ ಜಾರ್ಜ್ ಆರ್ವೆಲ್

ಬಿಹಾರದ ಮೋತಿಹಾರಿಯಲ್ಲಿ 1903ರ ಜೂನ್ 25ರಂದು ಎರಿಕ್ ಆರ್ಥರ್ ಬ್ಲೇರ್ ಎಂಬ ಮಗು ಹುಟ್ಟಿತು. ತಂದೆ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯಲ್ಲಿ ನೌಕರರು. ಮರುವರ್ಷವೇ ತಾಯಿ ಮಗುವನ್ನು ಇಂಗ್ಲೆಂಡಿಗೆ ಕರೆದೊಯ್ದರು. ಮುಂದೆ ಜಾರ್ಜ್ ಆರ್ವೆಲ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧರಾದ ಲೇಖಕ ಇವರೇ.

ವಿದ್ಯಾರ್ಥಿವೇತನ ಪಡೆದು ಈಟನ್ ಶಾಲೆಯಲ್ಲಿ ಓದಿದ ಅವರು ವಿಶ್ವವಿದ್ಯಾಲಯಕ್ಕೆ ಹೋಗಲಿಲ್ಲ. 1922ರಲ್ಲಿ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾದರು. ಅಲ್ಲಿ ಸಾಮ್ರಾಜ್ಯದ ದಬ್ಬಾಳಿಕೆಯನ್ನು ಹತ್ತಿರದಿಂದ ಕಂಡು ಮನಸ್ಸು ಕೆಟ್ಟು, ಐದು ವರ್ಷಗಳ ನಂತರ ನೌಕರಿ ಬಿಟ್ಟರು. ಪ್ಯಾರಿಸ್ಸಿನ ಹೋಟೆಲಿನಲ್ಲಿ ಪಾತ್ರೆ ತೊಳೆದರು, ಲಂಡನ್ನಿನಲ್ಲಿ ನಿರ್ಗತಿಕರ ಜೊತೆ ಅಲೆದರು. ಆ ಅನುಭವವೇ 1933ರಲ್ಲಿ ಅವರ ಮೊದಲ ಪುಸ್ತಕವಾಯಿತು.

1936ರ ಕೊನೆಯಲ್ಲಿ ಜನರಲ್ ಫ್ರಾಂಕೋನ ವಿರುದ್ಧ ಹೋರಾಡಲು ಸ್ಪೇನಿಗೆ ಹೋದರು. ಮರುವರ್ಷ ಗುಂಡೊಂದು ಅವರ ಕುತ್ತಿಗೆಯನ್ನು ತೂರಿ ಹೋಯಿತು, ಅದೃಷ್ಟವಶಾತ್ ಬದುಕುಳಿದರು. ಆದರೆ ಅದಕ್ಕಿಂತ ಆಳವಾದ ಗಾಯ ಬೇರೆಯಿತ್ತು. ಸ್ಟಾಲಿನ್ ಪರವಾದ ಕಮ್ಯುನಿಸ್ಟರು ಆರ್ವೆಲ್ ಇದ್ದ ದಳವನ್ನೇ ಶತ್ರುವಿನ ಏಜೆಂಟರೆಂದು ಸಾರಿದರು. ಗೆಳೆಯರು ಜೈಲು ಸೇರಿದರು. ಆರ್ವೆಲ್ ದಂಪತಿ ಫ್ರಾನ್ಸಿಗೆ ತಪ್ಪಿಸಿಕೊಂಡರು. ಸುಳ್ಳನ್ನು ಪದೇ ಪದೇ ಹೇಳಿದರೆ ವಿದ್ಯಾವಂತರೂ ನಂಬುತ್ತಾರೆ ಎಂಬುದನ್ನು ಅವರು ಕಣ್ಣಾರೆ ಕಂಡರು.

ಇದನ್ನು ಎಲ್ಲರಿಗೂ ತಿಳಿಯುವಂತೆ ಹೇಳುವುದು ಹೇಗೆ? ಒಂದು ದಿನ ಇಕ್ಕಟ್ಟಿನ ದಾರಿಯಲ್ಲಿ ಪುಟ್ಟ ಹುಡುಗನೊಬ್ಬ ದೊಡ್ಡ ಬಂಡಿ ಕುದುರೆಯನ್ನು ಚಾಟಿಯಿಂದ ಹೊಡೆಯುತ್ತಾ ಸಾಗುವುದನ್ನು ನೋಡಿದರು. ಈ ಪ್ರಾಣಿಗಳಿಗೆ ತಮ್ಮ ಬಲ ತಿಳಿದರೆ ಏನಾದೀತು ಎಂದು ಯೋಚಿಸಿದರು. ಆ ಯೋಚನೆಯೇ 'ಅನಿಮಲ್ ಫಾರ್ಮ್' ಆಯಿತು.

ಈ ಕಥೆಯಲ್ಲಿ ಪ್ರಾಣಿಗಳು ಮಾಲೀಕನನ್ನು ಓಡಿಸುತ್ತವೆ. ಬಳಿಕ ಹಂದಿಗಳೇ ಮಾಲೀಕರಾಗುತ್ತವೆ. ನೆಪೋಲಿಯನ್ ಎಂಬ ಹಂದಿ ಒಂಬತ್ತು ನಾಯಿಮರಿಗಳನ್ನು ತಾಯಂದಿರಿಂದ ಬೇರ್ಪಡಿಸಿ, ಗುಟ್ಟಾಗಿ ಬೆಳೆಸಿ ತನ್ನ ಕಾವಲು ಪಡೆ ಮಾಡಿಕೊಳ್ಳುತ್ತದೆ. ಕುರಿಗಳು ಹೇಳಿಕೊಟ್ಟ ಘೋಷಣೆಯನ್ನೇ ಅರಚುತ್ತಾ ಬೇರೆ ಮಾತಿಗೆ ಅವಕಾಶವಿಲ್ಲದಂತೆ ಮಾಡುತ್ತವೆ. ಗೋಡೆಯ ಮೇಲಿನ ನಿಯಮಗಳು ಒಂದೊಂದಾಗಿ ಬದಲಾಗುತ್ತವೆ. ಬಾಕ್ಸರ್ ಎಂಬ ಕುದುರೆ ಪ್ರಾಮಾಣಿಕ ದುಡಿಮೆಗಾರ, ಆದರೆ ನಾಲ್ಕು ಅಕ್ಷರದಾಚೆ ಕಲಿಯಲಾರ. ಕತ್ತೆ ಬೆಂಜಮಿನ್‌ಗೆ ಚೆನ್ನಾಗಿ ಓದಲು ಬರುತ್ತದೆ, ಆದರೆ ಓದುವ ಮನಸ್ಸಿಲ್ಲ. ದಣಿದ ಬಾಕ್ಸರನ್ನು ಕಸಾಯಿಖಾನೆಯ ಗಾಡಿ ಒಯ್ಯುವಾಗ ಅದರ ಮೇಲಿನ ಬರಹವನ್ನು ಕತ್ತೆ ಗಟ್ಟಿಯಾಗಿ ಓದುತ್ತದೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಆಗ ಯುದ್ಧದಲ್ಲಿ ರಷ್ಯಾ ಬ್ರಿಟನ್ನಿನ ಮಿತ್ರದೇಶ. ಹಾಗಾಗಿ ಹಲವು ಪ್ರಕಾಶಕರು ಪುಸ್ತಕವನ್ನು ತಿರಸ್ಕರಿಸಿದರು. 1944ರಲ್ಲಿ ಆರ್ವೆಲ್ ಅವರ ಮನೆಗೆ ಬಾಂಬು ಬಿದ್ದು, ಹಸ್ತಪ್ರತಿಯನ್ನು ಅವಶೇಷಗಳಿಂದ ಹೆಕ್ಕಬೇಕಾಯಿತು. 1945ರ ಮಾರ್ಚಿನಲ್ಲಿ ಪತ್ನಿ ಐಲೀನ್ ತೀರಿಕೊಂಡರು. ಅದೇ ಆಗಸ್ಟ್ 17ರಂದು ಪುಸ್ತಕ ಹೊರಬಂತು.

ಕ್ಷಯರೋಗದಿಂದ ನರಳುತ್ತಲೇ ಜೂರಾ ದ್ವೀಪದಲ್ಲಿ ಕೊನೆಯ ಕಾದಂಬರಿಯನ್ನು ಮುಗಿಸಿದ ಆರ್ವೆಲ್, 1950ರ ಜನವರಿ 21ರಂದು ತಮ್ಮ 46ನೇ ವಯಸ್ಸಿನಲ್ಲಿ ನಿಧನರಾದರು.

ವಿದ್ಯಾರ್ಥಿ ಮಿತ್ರರೇ, 'ಅನಿಮಲ್ ಫಾರ್ಮ್' ಸಣ್ಣ ಪುಸ್ತಕ, ಭಾಷೆಯೂ ಸರಳ. ಬಾಕ್ಸರನ ಮುಗ್ಧತೆಗೆ ನಾವೆಲ್ಲ ಮರುಗುತ್ತೇವೆ. ಆದರೆ ಓದು ಬಲ್ಲ ನಮಗೆ ಹೆಚ್ಚು ಹತ್ತಿರದವನು ಬೆಂಜಮಿನ್. ಓದುವಾಗ ಅವನ ಮೇಲೆ ಕಣ್ಣಿಡಿ.