ಇಸ್ರೊವನ್ನು ಬೆಂಗಳೂರಿಗೆ ತಂದ ಮೇಷ್ಟ್ರು ಸತೀಶ್ ಧವನ್

1971ರ ಡಿಸೆಂಬರ್ 30ರಂದು ವಿಕ್ರಂ ಸಾರಾಭಾಯಿ ಹಠಾತ್ತನೆ ನಿಧನರಾದಾಗ ಭಾರತದ ಬಾಹ್ಯಾಕಾಶ ಕಾರ್ಯಕ್ರಮ ದಿಕ್ಕು ತೋಚದೆ ನಿಂತಿತು. ಪ್ರಧಾನಿ ಇಂದಿರಾ ಗಾಂಧಿ ಅವರ ದೃಷ್ಟಿ ಹರಿದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರತ್ತ. ಆ ಹೊತ್ತಿಗೆ ರಜೆಯ ಮೇಲೆ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿದ್ದ ಪ್ರೊ. ಸತೀಶ್ ಧವನ್ ಎರಡು ಷರತ್ತುಗಳನ್ನು ಮುಂದಿಟ್ಟರು. ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ಇರಬೇಕು. ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು. ಎರಡಕ್ಕೂ ಒಪ್ಪಿಗೆ ದೊರೆಯಿತು. ಒಬ್ಬರೇ ಎರಡು ಹುದ್ದೆ ನಿರ್ವಹಿಸುವುದು ಇಂದಾಗಿದ್ದರೆ ಎಷ್ಟು ಆಕ್ಷೇಪಗಳು ಏಳುತ್ತಿದ್ದವೋ!

1920ರಲ್ಲಿ ಶ್ರೀನಗರದಲ್ಲಿ ಜನಿಸಿದ ಧವನ್ ಲಾಹೋರಿನಲ್ಲಿ ಗಣಿತ, ಭೌತವಿಜ್ಞಾನದ ಜತೆಗೆ ಇಂಗ್ಲಿಷ್ ಸಾಹಿತ್ಯವನ್ನೂ ಓದಿ, ಆ ಬಳಿಕ ಮೆಕ್ಯಾನಿಕಲ್ ಎಂಜಿನಿಯರ್ ಆದವರು. ಕ್ಯಾಲ್‌ಟೆಕ್‌ನಲ್ಲಿ ಡಾಕ್ಟರೇಟ್ ಪಡೆದು 1951ರಲ್ಲಿ ವಿಜ್ಞಾನ ಸಂಸ್ಥೆ ಸೇರಿದರು. ಶಬ್ದಾತೀತ ವೇಗದ ಗಾಳಿ ಸುರಂಗವನ್ನು ಇಲ್ಲಿಯೇ ನಿರ್ಮಿಸಿದರು. 1962ರಲ್ಲಿ ನಿರ್ದೇಶಕರಾದಾಗ ಅವರ ವಯಸ್ಸು 42 ಮಾತ್ರ.

ಬೆಂಗಳೂರನ್ನೇ ಅವರು ಆರಿಸಿಕೊಂಡದ್ದರಲ್ಲಿ ವಿಶೇಷ ಅರ್ಥವಿತ್ತು. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ ಈ ಊರಿನಲ್ಲಿ ನುರಿತ ಫಿಟ್ಟರ್, ಟರ್ನರ್‌ಗಳ ಒಂದು ತಲೆಮಾರನ್ನೇ ಬೆಳೆಸಿದ್ದವು. ಸರ್ಕಾರದ ಬೊಕ್ಕಸದಿಂದ ಬೆಳೆದ ಆ ಕೈಚಳಕವೇ ಉಪಗ್ರಹ ತಯಾರಿಕೆಗೂ ಆಸರೆಯಾಯಿತು. ಉಡುಪಿ ಸಮೀಪದ ಅದಮಾರಿನ ಯು.ಆರ್. ರಾವ್ ನೇತೃತ್ವದ ಯುವ ತಂಡ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ ಕುಳಿತು 360 ಕಿಲೋ ತೂಕದ ಆರ್ಯಭಟವನ್ನು ರೂಪಿಸಿತು. ಅದರ ದತ್ತಾಂಶ ಸ್ವೀಕರಿಸಲು ಶೌಚಾಲಯವೊಂದನ್ನೇ ಕೇಂದ್ರವಾಗಿ ಮಾರ್ಪಡಿಸಬೇಕಾಯಿತು ಎಂಬುದು ಅಂದಿನ ಬಡತನಕ್ಕೆ ಸಾಕ್ಷಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಒಯ್ದಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೈಕೊಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತವಾದರೂ ಉಪಗ್ರಹ ಕಟ್ಟುವ ವಿದ್ಯೆ ಕೈವಶವಾಗಿತ್ತು.

ಬೇಕಾದುದೆಲ್ಲವನ್ನೂ ಇಸ್ರೊ ತನ್ನ ಆವರಣದಲ್ಲೇ ತಯಾರಿಸಬೇಕು ಎಂಬ ಹಟ ಧವನ್ ಅವರಿಗಿರಲಿಲ್ಲ. ನಕ್ಷೆ, ತಂತ್ರಜ್ಞಾನಗಳನ್ನು ಹೊರಗಿನ ಕಾರ್ಖಾನೆಗಳಿಗೆ ನೀಡಿ, ಕೆಲಸ ಕಲಿಸಿ ಮಾಡಿಸಿಕೊಳ್ಳುವ ಪದ್ಧತಿಗೆ ಅವರು ಒತ್ತು ಕೊಟ್ಟರು. ಎಚ್‌ಎಎಲ್‌ನಂಥ ಸರ್ಕಾರಿ ಉದ್ಯಮಗಳ ಜತೆ ಲಾರ್ಸನ್ ಅಂಡ್ ಟೂಬ್ರೊ, ವಾಲ್‌ಚಂದ್‌ನಗರದಂಥ ಖಾಸಗಿ ಸಂಸ್ಥೆಗಳೂ ಪಾಲುದಾರರಾದವು. ಬಾಹ್ಯಾಕಾಶಕ್ಕಾಗಿ ದೇಶ ತೆತ್ತ ಹಣ ಯಂತ್ರಾಗಾರಗಳ ಕೌಶಲವಾಗಿ ಉಳಿದದ್ದು ಹೀಗೆ.

ಅಗ್ನಿಪರೀಕ್ಷೆ ಎದುರಾದದ್ದು 1979ರ ಆಗಸ್ಟ್ 10ರಂದು. ಸ್ವದೇಶಿ ರಾಕೆಟ್ ಎಸ್‌ಎಲ್‌ವಿ-3 ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ದೋಷದಿಂದ ಬಂಗಾಳ ಕೊಲ್ಲಿಗೆ ಬಿತ್ತು. ಏಳು ವರ್ಷಗಳ ಪರಿಶ್ರಮ, ಜನರ ತೆರಿಗೆ ಹಣ ಎರಡೂ ಕ್ಷಣಾರ್ಧದಲ್ಲಿ ನೀರುಪಾಲು. ಯೋಜನೆಯ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ ಎದೆಗುಂದಿದ್ದರು. ಪತ್ರಕರ್ತರ ಮುಂದೆ ಧವನ್ ತಾವೇ ಕುಳಿತರು, ವೈಫಲ್ಯದ ಹೊಣೆ ಹೊತ್ತರು, ತಂಡದ ಮೇಲೆ ವಿಶ್ವಾಸವಿದೆ ಎಂದು ಸಾರಿದರು. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ ಮಾತ್ರ ಪತ್ರಿಕಾಗೋಷ್ಠಿ ನಡೆಸಲು ಕಲಾಂ ಅವರನ್ನು ಮುಂದೆ ಬಿಟ್ಟರು. ಕಲಾಂ ರಾಷ್ಟ್ರಪತಿಯಾದ ಮೇಲೂ ಈ ಪ್ರಸಂಗವನ್ನು ಹೇಳಿಕೊಳ್ಳುತ್ತಿದ್ದರು.

1981ರಲ್ಲಿ ವಿಜ್ಞಾನ ಸಂಸ್ಥೆಯಿಂದ, 1984ರಲ್ಲಿ ಇಸ್ರೊ ಅಧ್ಯಕ್ಷ ಹುದ್ದೆಯಿಂದ ನಿವೃತ್ತರಾದ ಧವನ್ ಅವರ ಉತ್ತರಾಧಿಕಾರಿಯಾದವರು ಪೀಣ್ಯದ ಶೆಡ್‌ಗಳ ಯು.ಆರ್. ರಾವ್ ಅವರೇ. ರಾಕೆಟ್‌ಗಳ ನಡುವೆ ಬದುಕಿದ ಈ ಮೇಷ್ಟ್ರಿಗೆ ಹಕ್ಕಿಗಳ ಹಾರಾಟವೆಂದರೆ ಬಲು ಅಕ್ಕರೆ. ಆ ಕುರಿತು ಪುಸ್ತಕವನ್ನೂ ಬರೆದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಅದೇ ವರ್ಷ ಶ್ರೀಹರಿಕೋಟದ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಅದರ ಮಗ್ಗುಲಲ್ಲೇ ಇದೆ, ಸಾವಿರಾರು ವಲಸೆ ಹಕ್ಕಿಗಳು ಬಂದಿಳಿಯುವ ಪುಲಿಕಾಟ್ ಸರೋವರ.